ಇವರು ಸಂಜೆಯಾದರೆ ಮೈದಾನಕ್ಕೇಕೆ ಓಡುತ್ತಾರೆ?

ಸಂಜೆ ಐದೂವರೆ. ದೇವರ ಮುಂದೆ ದೀಪ ಹಚ್ಚಿಟ್ಟು, ಕಾಫಿಗೆ ಹಾಲು ಕಾಯಿಸುತ್ತಿದ್ದೀರಿ. ಮಗಳಿಗೆ ಲೆಕ್ಕ ಹೇಳಿಕೊಡಬೇಕು, ಅತ್ತೆಯವರ ಮಂಡಿಗೆ ಎಣ್ಣೆ ತಿಕ್ಕಬೇಕು, ರಾತ್ರಿಯ ಸಾರಿಗೆ ಇನ್ನೂ ಬೇಳೆ ಬೇಯಬೇಕು. ಅಷ್ಟರಲ್ಲಿ ಕೆಲಸದಿಂದ ಬಂದ ನಿಮ್ಮ ಯಜಮಾನರು ನಿಂತ ನಿಲುವಿನಲ್ಲೇ ಕಾಫಿ ಕುಡಿದು, ಕ್ಯಾನ್ವಾಸ್ ಶೂ ಏರಿಸಿ, “ಈಗ ಬಂದೆ ಕಣೇ” ಎಂದು ಹೊರಟೇಬಿಡುತ್ತಾರೆ. ಎಲ್ಲಿಗೆ? ಮೈದಾನಕ್ಕೆ. ಒಬ್ಬರ ಮನೆಯವರಿಗೆ ಶಟಲ್, ಇನ್ನೊಬ್ಬರ ಮನೆಯವರಿಗೆ ಕ್ರಿಕೆಟ್, ಮತ್ತೊಬ್ಬರಿಗೆ ಕಬಡ್ಡಿ. ನಮ್ಮವರಿಗೆ ವಾಲಿಬಾಲ್.

ನಿಮಗೆ ಸಿಟ್ಟು ಬರುತ್ತದೆ, ಅಲ್ಲವೇ? ನನಗೂ ಬರುತ್ತಿತ್ತು. “ನನ್ನ ಬದಲು ಆ ಚೆಂಡನ್ನೇ ಕಟ್ಟಿಕೊಳ್ಳಬೇಕಿತ್ತು ನೀವು” ಅಂತ ಎಷ್ಟು ಸಲ ಅಂದಿದ್ದೇನೋ ಲೆಕ್ಕವೇ ಇಲ್ಲ. ನಲವತ್ತೈದು ದಾಟಿದ ಗಂಡಸಿಗೆ ಮಕ್ಕಳ ಹಾಗೆ ಚೆಂಡಿನ ಹಿಂದೆ ಓಡುವುದು ಬೇಕೇ ಎಂದು ನೆಂಟರ ಮುಂದೆ ಆಡಿಕೊಂಡದ್ದೂ ಉಂಟು. ಆ ಮಾತುಗಳನ್ನು ಈಗ ನೆನೆದರೆ ನಾಲಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಇದನ್ನು ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿದೆ. “ಬರಿ. ಹೆಸರು ಮಾತ್ರ ಹಾಕಬೇಡ” ಎಂದರು. ಹಾಗಾಗಿ ಹೆಸರಿಲ್ಲ, ಮಿಕ್ಕದ್ದೆಲ್ಲ ಇದೆ.

ಮಳೆ ಬಂತು, ಆಟ ನಿಂತಿತು

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರು. ನಮ್ಮವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ದೊಡ್ಡ ಸಂಬಳವಲ್ಲ, ಆದರೂ ಮನೆ ನಡೆಯುತ್ತಿತ್ತು. ತಮ್ಮನ ಅಂಗಡಿಯ ಸಾಲಕ್ಕೆ ಇವರು ಜಾಮೀನು ಹಾಕಿದ್ದರು. ವ್ಯಾಪಾರ ಕೈಕೊಟ್ಟಿತು, ತಮ್ಮ ಕಂತು ನಿಲ್ಲಿಸಿದ, ನೋಟೀಸು ಇವರ ಹೆಸರಿಗೆ ಬಂತು. ಮನೆಗಲ್ಲ, ಮಂಡಿಯ ವಿಳಾಸಕ್ಕೆ. ಹಾಗಾಗಿ ನನಗೆ ಗೊತ್ತೇ ಆಗಲಿಲ್ಲ.

ಗೊತ್ತಾಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಊಟದಲ್ಲಿ ರುಚಿಯಿಲ್ಲ, ಮಾತಿಗೆ ಮೊದಲೇ ಸಿಡಿಮಿಡಿ. ಮಗ ಬಾಗಿಲು ಜೋರಾಗಿ ಹಾಕಿದರೆ ಕೂಗಾಟ. ಆದರೆ ಸಂಜೆ ಹೈಸ್ಕೂಲು ಮೈದಾನಕ್ಕೆ ಹೋಗಿ ಬಂದರೆ ಮುಖ ಸ್ವಲ್ಪ ಗೆಲುವಾಗಿರುತ್ತಿತ್ತು. ಎರಡು ಚಪಾತಿ ಹೆಚ್ಚಿಗೆ ತಿನ್ನುತ್ತಿದ್ದರು. ನಾನು ಅದನ್ನೂ ಕೊಂಕಾಗಿಯೇ ತೆಗೆದುಕೊಂಡೆ. ‘ಮನೆ ಎಂದರೆ ಮುಳ್ಳು, ಅಲ್ಲಿ ಹೋದರೆ ಹೂವು!’

2022ರ ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವ ಜಾತಿಯಲ್ಲ. ಮೈದಾನ ಗದ್ದೆಯಾಯಿತು. ನೆಟ್ಟು ಸುತ್ತಿ ಶಾಲೆಯ ಕೋಣೆಗೆ ಹಾಕಿದರು. ‘ಸದ್ಯ, ಇನ್ನು ಮೂರು ತಿಂಗಳು ಮನೆಯಲ್ಲಿರುತ್ತಾರೆ’ ಎಂದು ಒಳಗೊಳಗೇ ಖುಷಿಪಟ್ಟೆ.

ಮನೆಯಲ್ಲಿಯೇ ಇದ್ದರು. ಜಗುಲಿಯ ಮೂಲೆಯ ಕುರ್ಚಿಯಲ್ಲಿ ಕೂತು ಮಳೆ ನೋಡುತ್ತಿದ್ದರು. ಮುಂಜಾನೆ ಮೂರಕ್ಕೇ ಎದ್ದು ಅಡುಗೆಮನೆಯಲ್ಲಿ ಕತ್ತಲಲ್ಲಿ ನಿಂತಿರುತ್ತಿದ್ದರು. ಗಡ್ಡ ಬೆಳೆಯಿತು, ಮಂಡಿಗೆ ರಜಾ ಹಾಕತೊಡಗಿದರು. ತಲೆನೋವು, ಬೆನ್ನುನೋವು ಎಂದು ಮಾತ್ರೆ ನುಂಗಿದ್ದೇ ನುಂಗಿದ್ದು. ನಾನು ದೃಷ್ಟಿ ತೆಗೆದೆ, ಕಷಾಯ ಮಾಡಿದೆ, ಕೊನೆಗೆ ರೇಗಿದೆ. “ಏನಾಗಿದೆ ರೀ ನಿಮಗೆ? ಏನು ಕಮ್ಮಿಯಾಗಿದೆ ಈ ಮನೆಯಲ್ಲಿ?” ಎಂದು ಎದುರಿಗೆ ನಿಂತು ಕೇಳಿದೆ. “ಏನಿಲ್ಲ” ಅಂದರು. ಅಷ್ಟೇ.

ಮೇಷ್ಟ್ರು ಬಂದ ದಿನ

ಇವರ ಜೊತೆ ಆಡುವವರಲ್ಲಿ ನಿವೃತ್ತರಾದ ಒಬ್ಬ ಡ್ರಿಲ್ ಮೇಷ್ಟ್ರು ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಈಗ ಆಡುವುದಿಲ್ಲ, ಸೀಟಿ ಊದುತ್ತಾರೆ. ಒಂದು ದಿನ ಕೊಡೆ ಹಿಡಿದು ಬಂದರು. ಇವರು ಪೇಟೆಗೆ ಹೋಗಿದ್ದರು. ಕಾಫಿ ಲೋಟ ಕೈಯಲ್ಲಿ ಹಿಡಿದು ಮೇಷ್ಟ್ರು ಮೆಲ್ಲಗೆ ಕೇಳಿದರು: “ಹೇಗಿದ್ದಾನಮ್ಮಾ ಅವನು? ಆ ಜಾಮೀನಿನ ವಿಷಯ ಏನಾಯ್ತು?”

“ಯಾವ ಜಾಮೀನು ಮೇಷ್ಟ್ರೇ?”

ಅವರ ಮುಖ ಬಿಳಿಚಿತು. ಹೇಳಬಾರದ್ದು ಹೇಳಿದೆನಲ್ಲಾ ಎಂಬಂತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಎಲ್ಲ ಹೇಳಿದರು. ಆಟ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುವಾಗ ಇವರು ಚೂರು ಚೂರಾಗಿ ಹೇಳಿಕೊಂಡಿದ್ದರಂತೆ. ನೋಟೀಸಿನ ವಿಷಯ, ನಿದ್ದೆ ಬಾರದ ವಿಷಯ, ಮನೆಯಲ್ಲಿ ಹೇಗೆ ಹೇಳಲಿ ಎಂಬ ಹೆದರಿಕೆ. “ಮಳೆ ಬಂದು ಆಟ ನಿಂತಿತಲ್ಲ, ಅವನ ಮಾತೂ ನಿಂತಿತಮ್ಮಾ. ಅದಕ್ಕೇ ನೋಡಿಕೊಂಡು ಹೋಗೋಣ ಅಂತ ಬಂದೆ.”

ಆಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸುಳ್ಳು ಹೇಳುವುದಿಲ್ಲ. ಹೊಟ್ಟೆ ಉರಿಯಿತು. ಹದಿನೆಂಟು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ ನನಗೆ ಹೇಳದ್ದನ್ನು ವಾಲಿಬಾಲ್ ಆಡುವವರಿಗೆ ಹೇಳಿದರಲ್ಲಾ! ಈ ನೋವು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಆದರೆ ಆ ರಾತ್ರಿ ನಿದ್ದೆಯಿಲ್ಲದೆ ಹೊರಳುವಾಗ ಬೇರೊಂದು ಯೋಚನೆ ಬಂತು. ‘ಏನು ಕಮ್ಮಿಯಾಗಿದೆ’ ಎಂದು ಸೊಂಟಕ್ಕೆ ಕೈಯಿಟ್ಟು ಕೇಳಿದರೆ ಯಾರು ತಾನೆ ಹೇಳಿಯಾರು?

ನಮ್ಮಲ್ಲಿ ಒಂದು ಗಾದೆ ಇದೆ: ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು. ಮೊದಲರ್ಧವನ್ನು ನಾವು ಹೆಂಗಸರು ಒಪ್ಪುವುದಿಲ್ಲ, ಜಗಳಕ್ಕೇ ಹೋಗುತ್ತೇವೆ. ಎರಡನೆಯ ಅರ್ಧವನ್ನು ಮಾತ್ರ ಮಗ ಬಿದ್ದು ಮಂಡಿ ತರಚಿಕೊಂಡಾಗಲೇ ಹೇಳಿಕೊಡುತ್ತೇವೆ. “ಹೆಣ್ಣುಮಕ್ಕಳ ಹಾಗೆ ಅಳಬೇಡ, ಗಂಡಸಲ್ವೇನೋ ನೀನು?” ಹೀಗೆ ಬೆಳೆದ ಹುಡುಗ ನಲವತ್ತೈದನೆಯ ವಯಸ್ಸಿನಲ್ಲಿ ಹೆಂಡತಿಯ ಮುಂದೆ ಹೇಗೆ ಅತ್ತಾನು?

ಹಲಸಿನ ಹಣ್ಣು ಬಿಡಿಸುತ್ತಾ

ಜುಲೈ ಮೊದಲ ವಾರ. ತೋಟದಿಂದ ಎರಡು ಹಲಸಿನ ಹಣ್ಣು ಬಂದಿದ್ದವು. ಮಕ್ಕಳು ಶಾಲೆಗೆ ಹೋಗಿದ್ದರು. “ಸ್ವಲ್ಪ ಬಿಡಿಸಿಕೊಡ್ರೀ, ನನಗೊಬ್ಬಳಿಗೆ ಆಗಲ್ಲ” ಎಂದು ಕರೆದೆ. ಹಿತ್ತಿಲ ಬಾಗಿಲ ಬಳಿ ಗೋಣಿ ಹಾಸಿ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಅಕ್ಕಪಕ್ಕ ಕೂತೆವು. ಅವರ ಕಣ್ಣು ತೊಳೆಯ ಮೇಲೆ, ನನ್ನ ಕಣ್ಣು ಬೀಜದ ಮೇಲೆ. ಹೊರಗೆ ಮಳೆ.

ಅರ್ಧ ಹಣ್ಣು ಮುಗಿಯುವ ಹೊತ್ತಿಗೆ ನಾನೇ, ಮುಖ ನೋಡದೆ ಹೇಳಿದೆ: “ಜಾಮೀನಿನ ವಿಷಯ ನನಗೆ ಗೊತ್ತಾಯ್ತು. ಬೈಯೋದಕ್ಕೆ ಕೇಳ್ತಾ ಇಲ್ಲ. ನೀವು ಒಬ್ಬರೇ ಹೊತ್ತುಕೊಂಡಿದ್ದೀರಲ್ಲ ಅಂತ ಬೇಜಾರು.”

ಅವರ ಕೈ ನಿಂತಿತು. ಆಮೇಲೆ ಮತ್ತೆ ಬಿಡಿಸತೊಡಗಿದರು. ಬಿಡಿಸುತ್ತಲೇ ಮಾತು ಬಂತು. ಒಂದು ಗಂಟೆ ಆಡಿದರು. ನಾನು ನಡುವೆ ಬಾಯಿ ಹಾಕದೆ ಕೂತದ್ದು ನನ್ನ ಸಂಸಾರದಲ್ಲೇ ಅದೇ ಮೊದಲಿರಬೇಕು. ಕೊನೆಗೆ ಒಂದು ಮಾತು ಹೇಳಿದರು: “ನಾನೇ ಇಲ್ಲದಿದ್ದರೆ ನಿಮಗೆಲ್ಲ ಒಂದು ದಾರಿಯಾಗತ್ತೆ ಅನ್ನಿಸ್ತಾ ಇರತ್ತೆ ಕಣೇ.”

ಸೋದರಿಯರೇ, ಕೈಯಲ್ಲಿದ್ದ ತೊಳೆ ಕೆಳಗೆ ಬಿತ್ತು. ಮನೆಯೊಳಗೆ ಓಡಾಡುವ ಮನುಷ್ಯ ಅಷ್ಟು ದೂರ ಹೋಗಿ ನಿಂತಿದ್ದು ನನಗೆ ಕಾಣಿಸಿರಲಿಲ್ಲ.

ಇಂಥ ಮಾತು ಗಂಡಸರ ಬಾಯಲ್ಲಿ ಬಂದರೆ ಹಗುರಾಗಿ ತೆಗೆದುಕೊಳ್ಳಬಾರದು. ಕೇಂದ್ರ ಸರ್ಕಾರದ ಅಪರಾಧ ದಾಖಲೆ ವಿಭಾಗದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಅವರಲ್ಲಿ 100ಕ್ಕೆ ಸುಮಾರು 72 ಮಂದಿ ಗಂಡಸರು. ಮನಸ್ಸಿನ ನೋವು ಎಂದರೆ ಹೆಂಗಸರದು ಎಂದುಕೊಂಡಿರುತ್ತೇವೆ. ಅಂಕಿಗಳು ಬೇರೆಯದನ್ನೇ ಹೇಳುತ್ತವೆ.

ಟಿವಿಯಲ್ಲಿ ಕೊಹ್ಲಿ

ಡಾಕ್ಟರರ ಹತ್ತಿರ ಹೋಗೋಣವೆಂದರೆ ಇವರು ಒಪ್ಪಲಿಲ್ಲ. “ನನಗೇನು ಹುಚ್ಚಾ?” ಎಂದು ಒಂದೇ ಮಾತು. ತಮ್ಮನನ್ನು ಕರೆಸಿ ಸಾಲದ ಮಾತಾಡಿದೆವು, ಕಂತು ಹಂಚಿಕೊಂಡೆವು. ಆದರೂ ಇವರ ಕತ್ತಲೆ ಕಳೆಯಲಿಲ್ಲ. ಕಾರಣ ಹೋದರೂ ಕಾಯಿಲೆ ಉಳಿದಿತ್ತು.

ಆಗಸ್ಟ್ ಕೊನೆ. ದುಬೈನಲ್ಲಿ ಏಷ್ಯಾ ಕಪ್ ಕ್ರಿಕೆಟ್. ಪಾಕಿಸ್ತಾನದ ಮೇಲಿನ ಪಂದ್ಯದ ಹೊತ್ತಿಗೆ ಟಿವಿಯಲ್ಲಿ ವಿರಾಟ್ ಕೊಹ್ಲಿಯ ಸಂದರ್ಶನ ಬಂತು. ನಮ್ಮ ಪಿಯುಸಿ ಓದುವ ಮಗ ಬೆಂಗಳೂರು ತಂಡದ ಕಟ್ಟಾ ಅಭಿಮಾನಿ. ಧ್ವನಿ ಜೋರು ಮಾಡಿದ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದು ತಿಂಗಳು ಬ್ಯಾಟನ್ನೇ ಮುಟ್ಟಲಿಲ್ಲ ಎಂದು ಕೊಹ್ಲಿ ಹೇಳುತ್ತಿದ್ದರು. ಇಲ್ಲದ ಹುರುಪನ್ನು ಇದ್ದ ಹಾಗೆ ನಟಿಸುತ್ತಿದ್ದೆ, ಮನಸ್ಸು ಕುಗ್ಗಿತ್ತು, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ ಎಂದರು. ಸೋತೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಗಟ್ಟಿಗನ ಹಾಗೆ ನಟಿಸುವುದೇ ಹೆಚ್ಚು ಕೆಟ್ಟದ್ದು ಎಂಬರ್ಥದ ಮಾತನ್ನೂ ಆಡಿದರು.

ಇವರು ಕುರ್ಚಿಯಿಂದ ಏಳಲಿಲ್ಲ. ಆದರೆ ನೋಡುತ್ತಿದ್ದರು. ಮಗ ಹೇಳಿದ: “ಅಪ್ಪಾ, ನಮ್ಮ ರಾಬಿನ್ ಉತ್ತಪ್ಪಗೂ ಹೀಗೇ ಆಗಿತ್ತಂತೆ, ಗೊತ್ತಾ?” ಅಪ್ಪ ಮಗ ಆ ರಾತ್ರಿ ಬಹಳ ಹೊತ್ತು ಮಾತಾಡಿದರು. ಮಲಗುವ ಮುಂಚೆ ಇವರು ನನ್ನ ಕಡೆ ತಿರುಗದೆ ಕೇಳಿದರು: “ಆಸ್ಪತ್ರೆಗೆ ಆ ಡಾಕ್ಟರ್ ಯಾವತ್ತು ಬರ್ತಾರೆ ಅಂದಿದ್ದೆ?”

ಸೆಪ್ಟೆಂಬರ್ 8ರಂದು ಅಫ್ಘಾನಿಸ್ತಾನದ ಮೇಲೆ ಕೊಹ್ಲಿ ಔಟಾಗದೆ 122 ರನ್ ಹೊಡೆದರು, ಸುಮಾರು ಮೂರು ವರ್ಷದ ಮೇಲೆ ಬಂದ ಶತಕ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಮಾತ್ರೆ ಶುರುವಾಗಿ ಒಂದೆರಡು ದಿನವಾಗಿತ್ತು.

ಗೆದ್ದವರಿಗೂ ತಪ್ಪಲಿಲ್ಲ

ಮಗ ಹೇಳಿದ ಮೇಲೆ ನಾನೂ ಈ ಆಟಗಾರರ ವಿಷಯ ಓದತೊಡಗಿದೆ. ನಿಮಗೂ ಹೇಳಬೇಕೆನ್ನಿಸುತ್ತದೆ, ಏಕೆಂದರೆ ನಮ್ಮ ಮಾತು ಕೇಳದ ಗಂಡಸರು ಇವರ ಮಾತು ಕೇಳುತ್ತಾರೆ.

ರಾಬಿನ್ ಉತ್ತಪ್ಪ ಕೊಡಗಿನ ಮನೆತನದವರು, ಕರ್ನಾಟಕ ತಂಡದವರು. 2007ರಲ್ಲಿ ಟಿ–20 ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದವರು. ಹೊರಗಿನಿಂದ ನೋಡಿದರೆ ಏನು ಕಮ್ಮಿ? ಆದರೆ 2009ರಿಂದ 2011ರವರೆಗೆ ದಿನದಿನವೂ ಬದುಕು ಸಾಕೆನ್ನಿಸುತ್ತಿತ್ತು ಎಂದು ಅವರೇ 2020ರಲ್ಲಿ ಎಲ್ಲರೆದುರು ಹೇಳಿಕೊಂಡರು. ಅವರು ಹೇಳಿದ ಇನ್ನೊಂದು ಮಾತು ಓದಿ ನಾನು ಪುಸ್ತಕ ಮುಚ್ಚಿದ ಹಾಗೆ ಕೂತುಬಿಟ್ಟೆ: ಆಟವಿದ್ದ ದಿನ ಮನಸ್ಸು ಅದರಲ್ಲಿ ಮರೆಯುತ್ತಿತ್ತು, ಪಂದ್ಯವಿಲ್ಲದ ದಿನಗಳು, ಆಟದ ಋತು ಮುಗಿದ ತಿಂಗಳುಗಳೇ ಕಷ್ಟವಾಗಿದ್ದವು. ನಮ್ಮ ಮನೆಯ ಮಳೆಗಾಲವೂ ಅದೇ ಅಲ್ಲವೇ? ಉತ್ತಪ್ಪ ದಿನಚರಿ ಬರೆಯಲು ಶುರುಮಾಡಿದರು, ಹೊರಗಿನವರ ನೆರವನ್ನೂ ಪಡೆದರು. 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಎಲ್ಲರಿಗಿಂತ ಮೇಲೆ ನಿಂತರು.

ಇಂಗ್ಲೆಂಡಿನ ಮಾರ್ಕಸ್ ಟ್ರೆಸ್ಕೋಥಿಕ್ ಎಂಬ ಆರಂಭಿಕ ಆಟಗಾರ 2006ರ ಫೆಬ್ರವರಿಯಲ್ಲಿ ಭಾರತ ಪ್ರವಾಸದ ನಡುವೆಯೇ ಊರಿಗೆ ಹೊರಟುಹೋದರು. ಆಗ ಮನಸ್ಸಿನ ಕಾಯಿಲೆ ಎಂದು ಹೇಳಲು ಬಾಯಿ ಬರಲಿಲ್ಲ. ಯಾವುದೋ ಸೋಂಕು ತಗುಲಿತ್ತೆಂದು ಟಿವಿಯಲ್ಲಿ ನೆಪ ಹೇಳಿದರು. ಎರಡು ವರ್ಷದ ಮೇಲೆ, 2008ರಲ್ಲಿ, ಆತ್ಮಕಥೆಯಲ್ಲಿ ನಿಜ ಬರೆದರು. 2006ರ ನಂತರ ದೇಶಕ್ಕಾಗಿ ಆಡಲಿಲ್ಲ. ಆದರೆ ಊರ ತಂಡ ಸಾಮರ್ಸೆಟ್‌ಗೆ 2019ರವರೆಗೂ ಆಡಿದರು. ಆಟ ಬಿಡಲಿಲ್ಲ, ಮನೆಯಿಂದ ದೂರ ಎಳೆಯುವ ಆಟವನ್ನು ಮಾತ್ರ ಬಿಟ್ಟರು.

ಇನ್ನು ಆಸ್ಟ್ರೇಲಿಯಾದ ಗ್ಲೆನ್ ಮ್ಯಾಕ್ಸ್‌ವೆಲ್. ನಮ್ಮ ಮಕ್ಕಳಿಗೆಲ್ಲ ಬೆಂಗಳೂರು ತಂಡದಿಂದಾಗಿ ಪರಿಚಿತರು. 2019ರ ಅಕ್ಟೋಬರ್‌ನಲ್ಲಿ, ಚೆನ್ನಾಗಿ ಆಡುತ್ತಿರುವಾಗಲೇ, ಮನಸ್ಸಿಗೆ ವಿಶ್ರಾಂತಿ ಬೇಕೆಂದು ಆಟ ನಿಲ್ಲಿಸಿದರು. ಇವರಿಗೆ ಏನೋ ಸರಿಯಿಲ್ಲ ಎಂದು ಮೊದಲು ಕಂಡುಹಿಡಿದವರು ಯಾರು ಗೊತ್ತೇ? ಡಾಕ್ಟರರಲ್ಲ, ಕೋಚ್ ಅಲ್ಲ. ಮುಂದೆ ಅವರ ಪತ್ನಿಯಾದ, ಭಾರತೀಯ ಮೂಲದ ವಿನಿ ರಾಮನ್. ‘ಯಾರ ಹತ್ತಿರವಾದರೂ ಮಾತಾಡು’ ಎಂದು ಒತ್ತಾಯಿಸಿದ್ದೂ ಆಕೆಯೇ. ಮೊದಲ ಸಲ ಬಾಯಿಬಿಟ್ಟು ಹೇಳಿದ ಮೇಲೆ ಹೆಗಲ ಮೇಲಿನ ದೊಡ್ಡ ಹೊರೆ ಇಳಿದಂತಾಯಿತು ಎಂದು ಮ್ಯಾಕ್ಸ್‌ವೆಲ್ ಹೇಳಿದ್ದಾರೆ. ಆ ನವೆಂಬರ್‌ನಲ್ಲಿ ಇಂದೋರಿನಲ್ಲಿ ಕೊಹ್ಲಿ ಅವರನ್ನು ಮೆಚ್ಚಿ ಮಾತಾಡಿದರು. 2014ರ ಇಂಗ್ಲೆಂಡ್ ಪ್ರವಾಸದಲ್ಲಿ, 10 ಸರದಿಗಳಲ್ಲಿ 134 ರನ್ ಮಾತ್ರ ಬಂದಾಗ, ತನಗೂ ಲೋಕವೇ ಮುಗಿದಂತಾಗಿತ್ತು ಎಂದರು. ಆ ಹೊತ್ತಿನಲ್ಲಿ ಹೇಳಲಾಗದ್ದನ್ನು ಐದು ವರ್ಷದ ಮೇಲೆ ಹೇಳಿದರು. ಒಬ್ಬ ಗಂಡಸು ಹೇಳಿದರೆ ಇನ್ನೊಬ್ಬನಿಗೆ ಧೈರ್ಯ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮೈದಾನದಲ್ಲಿ ಏನಿದೆ?

ಹಾಗಾದರೆ ಮೈದಾನದಲ್ಲಿ ಅಂಥದ್ದೇನಿದೆ? ನಾನು ಕಂಡುಕೊಂಡದ್ದು ಇಷ್ಟು.

ಒಂದು, ಚೆಂಡು ಮೇಲೆ ಬಂದಾಗ ನೋಟೀಸು ನೆನಪಾಗುವುದಿಲ್ಲ. ಒಂದು ಗಂಟೆ ತಲೆಗೆ ಬಿಡುವು. ಎರಡು, ಮೈ ದಣಿದರೆ ನಿದ್ದೆ, ಹಸಿವು ಎರಡೂ ಸರಿಯಾಗುತ್ತವೆ. ಮೂರು, ಹೊತ್ತಿಗೆ ಸರಿಯಾಗಿ ಕಾಯುವವರಿದ್ದಾರೆ. ಆರು ಜನರ ತಂಡದಲ್ಲಿ ಒಬ್ಬ ಬಾರದಿದ್ದರೆ ‘ಎಲ್ಲಿ ಇವನು?’ ಎಂದು ಕೇಳುತ್ತಾರೆ. ಮೇಷ್ಟ್ರು ಕೊಡೆ ಹಿಡಿದು ಬಂದದ್ದು ಹಾಗೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಗಂಡಸರಿಗೆ ಎದುರುಬದುರು ಕೂತು ಕಷ್ಟ ಹೇಳಿಕೊಳ್ಳುವ ಅಭ್ಯಾಸವಿಲ್ಲ. ಪಕ್ಕದಲ್ಲಿ ಕೂತು, ಕಣ್ಣು ಬೇರೆಡೆ ಇಟ್ಟು, ಕೈಗೊಂದು ಕೆಲಸವಿದ್ದರೆ ಮಾತು ಬರುತ್ತದೆ. ಕಟ್ಟೆಯ ಮೇಲೆ ಶೂ ದಾರ ಬಿಚ್ಚುವಾಗ ಬಂದ ಹಾಗೆ; ಹಲಸಿನ ಹಣ್ಣಿನ ಮುಂದೆ ಬಂದ ಹಾಗೆ.

ವೈದ್ಯಶಾಸ್ತ್ರವೂ ಇದನ್ನು ಒಪ್ಪುತ್ತದೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 218 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯನ್ನು ಪ್ರಕಟಿಸಿತು. ನಡಿಗೆ, ನಿಧಾನ ಓಟ, ಯೋಗ, ಭಾರ ಎತ್ತುವ ವ್ಯಾಯಾಮ ಇವು ಖಿನ್ನತೆಯನ್ನು ತಗ್ಗಿಸುತ್ತವೆ ಎಂಬುದು ಅದರ ಸಾರ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರುವಷ್ಟು ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ.

ಆಟವೊಂದೇ ಔಷಧವಲ್ಲ

ಹಾಗೆಂದು ‘ಮೈದಾನಕ್ಕೆ ಕಳಿಸಿದೆ, ಎಲ್ಲ ಸರಿಹೋಗುತ್ತದೆ’ ಎಂದು ಕೈ ತೊಳೆದುಕೊಳ್ಳಬೇಡಿ. ಆಟ ಒಂದು ಕೊಡೆಯಿದ್ದ ಹಾಗೆ. ಹಿಡಿದಷ್ಟು ಹೊತ್ತು ನೆನೆಯುವುದಿಲ್ಲ. ಮಳೆ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಉತ್ತಪ್ಪನವರ ಮಾತು ನೆನಪಿದೆಯಲ್ಲ?

ಟಿವಿಯ ಮುಂದೆ ಕೂತು ಆಟ ನೋಡುವುದು ಆಡಿದ ಹಾಗಲ್ಲ. ಮೊಬೈಲಿನಲ್ಲಿ ಬೆಟ್ಟಿಂಗ್ ಕಟ್ಟುವುದಂತೂ ಆಟವೇ ಅಲ್ಲ, ಹೊಸ ಸಾಲದ ಬಾಗಿಲು. ಆಟ ಮುಗಿದ ಮೇಲೆ ಬಾಟಲಿ ತೆರೆಯುವ ಗೆಳೆತನವಿದ್ದರೆ ಆಗ ಚಿಂತಿಸಬೇಕು. ಕುಡಿತ ಕುಗ್ಗಿದ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ನಲವತ್ತು ದಾಟಿದವರು ಬಹಳ ವರ್ಷದ ಮೇಲೆ ಆಟ ಶುರುಮಾಡುವುದಾದರೆ ಒಮ್ಮೆ ರಕ್ತದೊತ್ತಡ, ಸಕ್ಕರೆ, ಎದೆ ಪರೀಕ್ಷೆ ಮಾಡಿಸಿಕೊಳ್ಳಲಿ.

ಕೆಳಗಿನವು ಎರಡು ವಾರಕ್ಕಿಂತ ಹೆಚ್ಚು ದಿನ ಕಂಡರೆ ಡಾಕ್ಟರರನ್ನು ಕಾಣಲೇಬೇಕು: ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಕಾರಣವಿಲ್ಲದ ಸಿಟ್ಟು, ಹೆಚ್ಚುತ್ತಿರುವ ಕುಡಿತ, ಪರೀಕ್ಷೆಯಲ್ಲಿ ಏನೂ ಕಾಣದ ಮೈಕೈ ನೋವು, ‘ನನ್ನಿಂದ ಎಲ್ಲರಿಗೂ ತೊಂದರೆ’ ಎಂಬ ಮಾತು. ಗಂಡಸರಲ್ಲಿ ದುಃಖ ಹಲವು ಸಲ ಸಿಟ್ಟಿನ ವೇಷದಲ್ಲಿಯೇ ಬರುತ್ತದೆ. ನೆನಪಿರಲಿ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆ ಬಂದಿತ್ತು. ನಿಮ್ಮ ಬೀದಿಯ ಮನೆಗಳನ್ನು ಎಣಿಸಿ ನೋಡಿ.

ಡಾಕ್ಟರೆಂದರೆ ಬೆಂಗಳೂರಿಗೇ ಓಡಬೇಕೆಂದಿಲ್ಲ. ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿಯೇ ಮನಸ್ಸಿಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಅದೇ ದೇಶದ ಕಾರ್ಯಕ್ರಮವಾಯಿತು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಮಾಡಿದ್ದಾರೆ. ನಿಮ್ಮ ಊರಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ; ಆಶಾ ಕಾರ್ಯಕರ್ತೆಯರಿಗೂ ಗೊತ್ತಿರುತ್ತದೆ. ನಾವು ಹೋದದ್ದೂ ಹಾಗೆಯೇ. ಸಾಲಿನಲ್ಲಿ ಇವರ ಪರಿಚಯದವರೇ ಇಬ್ಬರು ನಿಂತಿದ್ದರು! ಮೂವರೂ ಒಬ್ಬರನ್ನೊಬ್ಬರು ನೋಡಿ ಮೊದಲು ತಲೆ ತಗ್ಗಿಸಿದರು, ಆಮೇಲೆ ನಕ್ಕರು.

ಡಾಕ್ಟರು ಹೇಳಿದ ಮಾತು: ಈ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ‘ಏನೂ ಗುಣವಿಲ್ಲ’ ಎಂದು ನಡುವೆ ಬಿಡಬಾರದು; ಗುಣವಾಯಿತೆಂದು ತಾವೇ ನಿಲ್ಲಿಸಲೂಬಾರದು. ನಾನು ಹೆದರಿ ಹೆದರಿ ಇನ್ನೊಂದು ಕೇಳಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದಿಲ್ಲವೇ? “ಇಲ್ಲಮ್ಮಾ. ಕೇಳಿದರೆ ಮನಸ್ಸು ಹಗುರಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಕೂಡಲೇ ಕರೆದುಕೊಂಡು ಬನ್ನಿ” ಎಂದರು.

ಹೀಗೆ ಮಾಡಿ ನೋಡಿ

1. ಎದುರು ನಿಂತು ವಿಚಾರಣೆ ಮಾಡಬೇಡಿ. ಅವರೆಕಾಯಿ ಸುಲಿಯುವಾಗ, ಬೈಕು ಒರೆಸುವಾಗ, ಸಂಜೆ ನಡೆಯುತ್ತಾ ಹೋಗುವಾಗ ಮಾತು ತೆಗೆಯಿರಿ.

2. “ಏನು ಕಮ್ಮಿಯಾಗಿದೆ?”, “ಗಂಡಸಾಗಿ ಹೀಗೆ ಕೂತರೆ ಹೇಗೆ?”, “ಪಕ್ಕದ ಮನೆಯವರನ್ನು ನೋಡಿ” ಈ ಮೂರು ಮಾತು ಬೇಡವೇ ಬೇಡ. “ನಾಲ್ಕು ದಿನದಿಂದ ನೀವು ಸರಿಯಾಗಿ ಮಲಗಿಲ್ಲ, ನಾನು ನೋಡ್ತಾ ಇದ್ದೀನಿ” ಎಂದು ಕಂಡದ್ದನ್ನಷ್ಟೇ ಹೇಳಿ.

3. ಹೇಳತೊಡಗಿದಾಗ ಪರಿಹಾರ ಕೊಡಲು ಆತುರಪಡಬೇಡಿ. ಹೇಳಿದ್ದನ್ನು ತವರಿಗೆ, ಓರಗಿತ್ತಿಗೆ ಫೋನು ಮಾಡಿ ಹೇಳಬೇಡಿ. ಒಮ್ಮೆ ಆ ನಂಬಿಕೆ ಹೋದರೆ ಮತ್ತೆ ಬಾಯಿ ಬಿಡುವುದಿಲ್ಲ.

4. ನಿಮಗಿಂತ ಮೊದಲು ಗೆಳೆಯನಿಗೆ ಹೇಳಿದ್ದರೆ ನೊಂದುಕೊಳ್ಳಬೇಡಿ. ಯಾರಿಗಾದರೂ ಹೇಳಿದರಲ್ಲ ಎಂದು ಸಮಾಧಾನ ಮಾಡಿಕೊಳ್ಳಿ. ಆಟದ ಜೊತೆಗಾರರಲ್ಲಿ ಒಬ್ಬರ ಫೋನ್ ನಂಬರು ನಿಮ್ಮ ಹತ್ತಿರ ಇರಲಿ.

5. ಮಳೆಗಾಲಕ್ಕೆ, ಪರೀಕ್ಷೆ ದಿನಗಳಿಗೆ, ಆಟ ನಿಲ್ಲುವ ಕಾಲಕ್ಕೆ ಮೊದಲೇ ಬದಲಿ ಯೋಚಿಸಿ: ಸಮುದಾಯ ಭವನದಲ್ಲಿ ಕೇರಂ, ಬೆಳಗಿನ ಯೋಗ, ಇಬ್ಬರೂ ಕೂಡಿ ಕೊಡೆ ಹಿಡಿದು ನಡಿಗೆ.

6. ಟೆಲಿ–ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿಯೇ, ಹಣವಿಲ್ಲದೆ ಮಾತಾಡಬಹುದು. ಮನೆಯವರ ಪರವಾಗಿ ನೀವೂ ಕೇಳಬಹುದು. ಗ್ಯಾಸ್ ನಂಬರು ಬರೆದಿಟ್ಟ ಕ್ಯಾಲೆಂಡರಿನಲ್ಲಿ ಇದನ್ನೂ ಬರೆದಿಡಿ. ತೀರಾ ತುರ್ತು ಎನ್ನಿಸಿದರೆ 112.

ನಿಮ್ಮ ಗಂಟೆ ಯಾವುದು?

ಇಷ್ಟೆಲ್ಲ ಓದಿದ ಮೇಲೆ ನಿಮ್ಮಲ್ಲಿ ಯಾರಾದರೂ “ಅವರಿಗೇನೋ ಮೈದಾನ ಇದೆ. ನಮಗೆ?” ಎಂದು ಕೇಳಿದರೆ ಅದು ಸರಿಯಾದ ಪ್ರಶ್ನೆ. ನಾನೂ ಕೇಳಿದೆ. ಇವರು ಸುಧಾರಿಸಿಕೊಂಡ ಮೇಲೆ ಒಂದು ಸಂಜೆ ಹೇಳಿದೆ: “ನಿಮಗೆ ಐದೂವರೆಯಿಂದ ಆರೂವರೆ. ನನಗೆ ಬೆಳಿಗ್ಗೆ ಆರರಿಂದ ಏಳು. ಆ ಹೊತ್ತಿನಲ್ಲಿ ಹಾಲು ಕಾಯಿಸೋದು, ಅತ್ತೆಗೆ ಕಾಫಿ ಕೊಡೋದು ನಿಮ್ಮ ಪಾಲು.” ಮೊದಲ ಎರಡು ದಿನ ಹಾಲು ಉಕ್ಕಿಸಿದರು. ಈಗ ಉಕ್ಕುವುದಿಲ್ಲ. ನಾವು ನಾಲ್ಕು ಮಂದಿ ಗೆಳತಿಯರು ಕೆರೆ ಏರಿಯ ಮೇಲೆ ನಡೆಯುತ್ತೇವೆ. ಅಲ್ಲಿ ಏನೇನು ಮಾತಾಡುತ್ತೇವೆಂದು ಇವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ!

ಆ ವರ್ಷ ದಸರಾ ಕಳೆದು ಮೈದಾನ ಒಣಗಿತು. ಮೇಷ್ಟ್ರು ನೆಟ್ಟು ಕಟ್ಟಿಸಿದರು. ಮೊದಲ ಸಂಜೆ ಇವರು ಹೊರಡಲು ಹಿಂದೆ ಮುಂದೆ ನೋಡುತ್ತಿದ್ದರು. ಬೇಗ ದಣಿವಾಗುತ್ತದೆ, ಎಲ್ಲರಿಗೂ ವಿಷಯ ಗೊತ್ತಿದೆ ಎಂದು ಸಂಕೋಚ. ಅಟ್ಟದ ಮೇಲಿದ್ದ ಶೂ ತೆಗೆದು, ದೂಳು ಒರೆಸಿ, ಹೊಸ ದಾರ ಹಾಕಿ ಬಾಗಿಲಲ್ಲಿಟ್ಟೆ. “ಹೋಗಿ ಬನ್ರೀ, ಚಪಾತಿ ಹೆಚ್ಚಿಗೆ ಲಟ್ಟಿಸಿರ್ತೀನಿ” ಅಂದೆ. ಮೆಟ್ಟಿಲ ಮೇಲೆ ಕೂತು ದಾರ ಕಟ್ಟುತ್ತಾ, ತಲೆ ಎತ್ತದೆ, ಇವರು ಕಣ್ಣೊರೆಸಿಕೊಂಡರು. ನಾನು ನೋಡಿದೆ. ಅವರಿಗೂ ಗೊತ್ತಾಯಿತು ನಾನು ನೋಡಿದೆ ಎಂದು.

ಇವತ್ತು ಸಂಜೆ ನಿಮ್ಮವರು ಶೂ ಹಾಕಿಕೊಂಡು ಹೊರಟರೆ ಕೊಂಕು ಮಾತು ಬಾಯಿಗೆ ಬಂದೀತು. ಒಂದು ಗಳಿಗೆ ತಡೆಯಿರಿ. ಅವರು ಮರಳಿ ಬಂದ ಮೇಲೆ, ತಟ್ಟೆಗೆ ಬಡಿಸುತ್ತಾ, “ಇವತ್ತು ಆಟ ಹೇಗಿತ್ತು?” ಎಂದು ಕೇಳಿ. ಉತ್ತರ ಚೆಂಡಿನದ್ದೇ ಆಗಿರಲಿ, ಪರವಾಗಿಲ್ಲ. ಮಾತು ಅಲ್ಲಿಂದಲೇ ಶುರುವಾಗಲಿ.